ಸೋಮವಾರದ ಬಾವಿ ನೀರು

ಬಿಳಿಗಲ್ಲು ರಾಜ್ಯದ ಎಳೆಯ ಯುವರಾಜ ತೀರಿಕೊಂಡ ಮರುವರ್ಷದ ಶ್ರಾವಣದಲ್ಲಿ ಇದು ನಡೆಯಿತು. ರಾಣಿ ಮಾಚಲದೇವಿ ಡಂಗುರ ಸಾರಿಸಿದಳು: "ಮೂರು ಒಗಟು ಬಿಡಿಸಿದವರಿಗೆ ವಿದ್ಯಾಶಾಲೆಯ ಗುರುಪೀಠ. ಸೋತವರಿಗೆ ಸೆರೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿರುವವರೆಲ್ಲರಿಗೂ ಶೂಲ."

ವಿದ್ಯಾಶಾಲೆಯ ಹದಿನಾರು ವಿದ್ಯಾರ್ಥಿಗಳು ಸೋತರು. ಕಡೆಯ ಸೋಮವಾರ ಹದಿನೇಳನೆಯವನಾಗಿ ದೇವಯ್ಯ ಎದ್ದ. ಗುಂಪಿನಲ್ಲಿ ನಿಂತಿದ್ದ ಅವನ ತಮ್ಮ, ಕುಂಬಾರ ಬೀರ, ಅಣ್ಣನ ಮುಖವನ್ನು ಆರು ವರ್ಷದ ಮೇಲೆ ನೋಡುತ್ತಿದ್ದ. ಓದಲು ಹೋದ ಅಣ್ಣ ಬಂದಾನೆಂದು ಅವನು ದಿನಾ ಊಟಕ್ಕೆ ಎರಡು ಮಣೆ ಹಾಕುತ್ತಿದ್ದ. ಒಂದು ಖಾಲಿಯೇ ಉಳಿಯುತ್ತಿತ್ತು.

"ಹಂಚಿದಷ್ಟೂ ಹೆಚ್ಚುತ್ತದೆ..." ರಾಣಿ ಆರಂಭಿಸಿದಳು.

"ವಿದ್ಯೆ, ತಾಯಿ," ಎಂದ ದೇವಯ್ಯ.

"ನಾನಿನ್ನೂ ಮುಗಿಸಿರಲಿಲ್ಲ."

ಭಟರು ಅವನನ್ನು ಎಳೆದೊಯ್ದರು. ಬೀರ ಮುಂದೆ ಬಂದ.

"ಓದಿದವರೇ ಮುಗ್ಗರಿಸಿದರು. ಮಣ್ಣು ತುಳಿಯೋ ನೀನೇನು ಹೇಳ್ತೀಯೋ?" ಎಂದು ಮಂತ್ರಿ ನಕ್ಕ.

"ಕೊಡ ಕೊಳ್ಳೋರು ತಟ್ಟಿ ನೋಡ್ತಾರೆ, ಬುದ್ಧಿ. ನಾನೂ ತಟ್ಟಿ ನೋಡ್ತೀನಿ."

ರಾಣಿ ಹೇಳಿದಳು: "ಹಂಚಿದಷ್ಟೂ ಹೆಚ್ಚುತ್ತದೆ. ಕೊಟ್ಟವನ ಮಾತಿನ ಬೆಲೆ ಕಳೆಯುತ್ತದೆ, ಪಡೆದವನ ನೆಮ್ಮದಿ ಕೆಡಿಸುತ್ತದೆ. ಏನದು?"

"ಮುಗೀತಾ, ತಾಯಿ?"

"ಮುಗಿಯಿತು."

"ಗಾಳಿಮಾತು."

ರಾಣಿ ಮುಚ್ಚಿದ ಪೆಟ್ಟಿಗೆಯೊಂದನ್ನು ಮುಂದಿಟ್ಟಳು. "ಇದರಲ್ಲೇನಿದೆ?"

ಹಿಂದೆ ಬಂದವರು ಹೊನ್ನೆಂದಿದ್ದರು, ಓಲೆಗರಿಯೆಂದಿದ್ದರು. ಬೀರ ಅದನ್ನು ಎತ್ತಿದ, ಅಲುಗಿಸಿದ, ಬೆರಳ ಗೆಣ್ಣಿನಿಂದ ತಟ್ಟಿದ. "ಹೊನ್ನಲ್ಲ, ಭಾರವಿಲ್ಲ. ಗರಿಯಲ್ಲ, ಸದ್ದಿಲ್ಲ. ಬಟ್ಟೆ ಇರಬಹುದು, ಖಾಲಿಯೂ ಇರಬಹುದು. ತೆರೆಯದೆ ಇದಕ್ಕಿಂತ ಹೆಚ್ಚು ಗೊತ್ತಿಲ್ಲ."

ರಾಣಿಯ ಕೈ ಪೆಟ್ಟಿಗೆಯ ಮೇಲೆಯೇ ಉಳಿಯಿತು. "ಅರಮನೆ ಬಾವಿಯ ಉಪ್ಪುನೀರು ಸೋಮವಾರ ಮಾತ್ರ ಸಿಹಿಯಾಗುತ್ತದೆ. ಏಕೆ?"

ಶಿವನ ಕೃಪೆ ಎಂದವನೂ ಚಂದ್ರನ ಸೆಳೆತ ಎಂದವನೂ ಸೆರೆಯಲ್ಲಿದ್ದರು.

"ಇವತ್ತು ಸೋಮವಾರ ಅಲ್ವಾ, ತಾಯಿ? ಒಂದು ಚೊಂಬು ತರಿಸಿ."

ಕುಡಿದು ಮುಖ ಕಿವುಚಿದ. "ಉಪ್ಪೇ."

ರಾಣಿ ನಿಧಾನವಾಗಿ ಬಿಡಿಸಿ ಹೇಳಿದಳು: "ಮೊದಲನೆಯದನ್ನು ಪೂರ್ತಿ ಕೇಳಬೇಕಿತ್ತು. ಎರಡನೆಯದಕ್ಕೆ ಗೊತ್ತಿಲ್ಲ ಎನ್ನಬೇಕಿತ್ತು. ಮೂರನೆಯದರಲ್ಲಿ ನನ್ನ ಮಾತನ್ನೇ ನಂಬಬಾರದಿತ್ತು." ಪೆಟ್ಟಿಗೆ ತೆರೆದಳು. ಒಳಗೊಂದು ಕುಲಾವಿ. "ಇದೇ ಶಾಲೆಯ ವೈದ್ಯರು ನಾಡಿ ಮುಟ್ಟದೆ ರೋಗದ ಹೆಸರು ಹೇಳಿದರು. ಇದು ತಲೆಗೆ ಚಿಕ್ಕದಾಗುವಷ್ಟು ದಿನವೂ ನನ್ನ ಮಗ ಉಳಿಯಲಿಲ್ಲ. ಪೀಠ ನಿನ್ನದು, ಬೀರ."

"ಅಣ್ಣನ್ನ ಬಿಡಿ, ತಾಯಿ. ಉಳಿದವರನ್ನೂ."

ಆ ಮಧ್ಯಾಹ್ನ ಎರಡನೆಯ ಮಣೆಯ ಮೇಲೆ ದೇವಯ್ಯ ಕುಳಿತ.

"ಸಾರಿಗೆ ಉಪ್ಪು ಹೆಚ್ಚಾಯ್ತಾ, ಅಣ್ಣ?"

"ತಾಳೋ, ತಿಂದು ನೋಡಿ ಹೇಳ್ತೀನಿ."

ಗುರುವಾರ ಬೀರನ ಮೊದಲ ಪಾಠಕ್ಕೆ ಸೆರೆಯಿಂದ ಬಿಟ್ಟ ಹದಿನೇಳು ಮಂದಿ ಬಂದರು. ಕೊನೆಯ ಸಾಲಿನಲ್ಲಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ರಾಣಿ ಕುಳಿತಳು. ಒಟ್ಟು ಹದಿನೆಂಟು.