ದೋಣಿಯಡಿಯ ಸತು

ಮೀನುಗಾರರ ಕಬ್ಬಿಣದ ದೋಣಿಯ ತಳಕ್ಕೆ, ತುಕ್ಕು ತಡೆಯಲೆಂದು ಸತುವಿನ ಗಟ್ಟಿಯೊಂದನ್ನು ಬಿಗಿದಿದ್ದರು. ಕಡಲನೀರಿನ ಆಮ್ಲಜನಕ ಎಲೆಕ್ಟ್ರಾನ್ ಬೇಡಿದಾಗಲೆಲ್ಲ ಕಬ್ಬಿಣದ ಬದಲು ಸತುವೇ ಕೊಡುತ್ತಿತ್ತು. ಕೊಟ್ಟಷ್ಟೂ ತಾನೇ ಕರಗುತ್ತಿತ್ತು.

"ಅಣ್ಣಾ, ನಾನು ಸವೆದುಹೋದೆ," ಎಂದಿತು ಸತು ಒಂದು ದಿನ.

"ಹಾಗಾದರೆ ಕೊಡಬೇಡ. ಕೊಡೆಂದು ನಿನ್ನನ್ನು ಕೇಳಿದವರಾರು?" ಎಂದಿತು ಕಬ್ಬಿಣ.

ಕೊಡದಿರಲು ಸತು ಹೆಣಗಿತು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದ ಕೆಲಸದವರು ಅಳಿದುಳಿದ ಸತುವಿನ ಚೂರನ್ನು ಕಿತ್ತು ಮರಳಿಗೆಸೆದರು, ಹೊಸ ಗಟ್ಟಿ ಬಿಗಿದರು.

"ಅಣ್ಣಾ, ನನಗಿಂತ ಮೊದಲು ಇಲ್ಲಿ ಯಾರಿದ್ದರು?" ಎಂದು ಹೊಸ ಸತು ಕೇಳಿತು.

"ಯಾರೂ ಇರಲಿಲ್ಲ, ತಮ್ಮಾ. ನನ್ನದು ತುಕ್ಕೇ ಹಿಡಿಯದ ಜಾತಿ," ಎಂದಿತು ಕಬ್ಬಿಣ.

ಕೂಗಿ ಹೇಳೋಣವೆಂದರೆ, ಮರಳಲ್ಲಿ ಬಿದ್ದ ಸತುವಿಗೆ ಬಾಯಿಯೇ ಉಳಿದಿರಲಿಲ್ಲ.