ನೊಗದ ಅಡಿಮಗ್ಗುಲು

“ಬುದ್ಧೀ, ನಾನು ದಾರಿ ತಪ್ಪಿದೆನೇ?” ಎಂದು ಶಾಂಭವಿ ಗುರುಗಳನ್ನು ಕೇಳಿದಳು. “ಚಿತ್ರಕಲೆ ಕಲಿತೆ. ಅಂಗಡಿಯ ಬೋರ್ಡು ಬರೆದೆ, ಪುಸ್ತಕಗಳಿಗೆ ಮುಖಪುಟ ಮಾಡಿದೆ, ನಾಟಕಗಳಿಗೆ ರಂಗಸಜ್ಜಿಕೆ ಮಾಡಿದೆ. ಈಗ ಮೊಬೈಲಿನ ಮುಂದೆ ಜನ ಎಲ್ಲಿ ತಡವರಿಸುತ್ತಾರೆಂದು ನೋಡಿ, ಅದನ್ನು ಸರಿಪಡಿಸುವ ವಿನ್ಯಾಸಕ್ಕೆ ಕೈಹಾಕಿದ್ದೇನೆ. ಒಂದರಲ್ಲೂ ನಿಲ್ಲದವಳು ಎಂದು ಜೊತೆಯವರು ನಗುತ್ತಾರೆ. ತಪ್ಪಿದ್ದರೆ ಹೇಳಿ, ಇದನ್ನೂ ಬಿಟ್ಟುಬಿಡುತ್ತೇನೆ.”

“ಬಿಡುವವಳು ಬಿಟ್ಟೇ ಬರುತ್ತಿದ್ದಳು. ಕೂತುಕೋ ತಾಯಿ,” ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ನೊಗ ಮಾಡುತ್ತಿದ್ದ. ನೊಗದ ಮೇಲೆ ಗಿಳಿ, ಬಳ್ಳಿ, ಕಮಲದ ಮೊಗ್ಗು ಕೆತ್ತುತ್ತಿದ್ದ. ಸುತ್ತಲಿನ ಊರುಗಳಲ್ಲಿ ಅವನ ನೊಗವೆಂದರೆ ನೊಗ!

ಒಂದು ದಿನ ಒಬ್ಬ ರೈತ ಅವನೆದುರಿಗೇ, ಅವನೇ ಮಾಡಿಕೊಟ್ಟಿದ್ದ ನೊಗವನ್ನು ಎತ್ತುಗಳಿಂದ ಇಳಿಸಿದ. ಎಡಗಡೆಯ ಎತ್ತಿನ ಹೆಗಲು ಹಸಿ ಹುಣ್ಣಾಗಿತ್ತು. ಬಡಗಿ ಹತ್ತಿರ ಹೋಗಿ ಬಗ್ಗಿದ. ರೈತ ಮಾತ್ರ, “ನೊಗಕ್ಕೇನೂ ಆಗಿಲ್ಲ ಮಾರಾಯ, ಎತ್ತೇ ಸರಿಯಿಲ್ಲ,” ಎಂದ. ಹೊರುವವರನ್ನು ಬೈಯುವುದು ಸುಲಭ ನೋಡು.

ಬಡಗಿ ನೊಗವನ್ನು ಮಗುಚಿ ನೋಡಿದ. ಅವನ ಉಳಿ ಒಂದು ದಿನವೂ ಆ ಅಡಿಮಗ್ಗುಲಿಗೆ ಹೋಗಿರಲಿಲ್ಲ. ಅಂದೇ ಗಿಳಿ ಕೆತ್ತುವುದನ್ನು ನಿಲ್ಲಿಸಿದ.

ಅಡಿಯನ್ನು ನುಣುಪು ಮಾಡಿದ. ಹುಣ್ಣು ಮಾಯಲಿಲ್ಲ. ಮೆತ್ತೆ ಹೊಲಿಯುವುದನ್ನು ಕಲಿಯಲು ತೊಗಲಿನ ಕೆಲಸದವನ ಬಳಿ ಹೋದ. ತೊಗಲು ಮುಟ್ಟಿದನೆಂದು ಮನೆಯವರು ಅವನ ತಟ್ಟೆಯನ್ನು ಹಿತ್ತಿಲಿಗೆ ಹಾಕಿದರು. ಸತ್ತ ದನದ ತೊಗಲು ಮುಟ್ಟಿದರೆ ಮೈಲಿಗೆಯಂತೆ, ಬದುಕಿರುವ ದನದ ತೊಗಲು ಸುಲಿದರೆ ಯಾರಿಗೂ ಮೈಲಿಗೆಯಿಲ್ಲ! ಮೆತ್ತೆ ಬೆವರಿಗೆ ನೆನೆದು, ಒಣಗಿ, ಕಲ್ಲಾಯಿತು. ದನಗಳಿಗೆ ಮದ್ದು ಹಾಕುವವಳೊಬ್ಬಳ ಬಳಿ ಸೇರಿ ಹುಣ್ಣು ತೊಳೆದ. ಚರ್ಮ ಎಲ್ಲಿ ಜಾರುತ್ತದೆ, ಎಲ್ಲಿ ಎಳೆಯುತ್ತದೆ ಎಂಬುದು ಬೆರಳಿಗೆ ತಿಳಿಯಿತು. ಕೊನೆಗೆ ಕೂಲಿಗೆ ನಿಂತು ನೇಗಿಲ ಹಿಂದೆ ನಡೆದ.

“ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತೀಯಲ್ಲೋ! ಇನ್ನು ಸಾಕು, ಉಳಿ ಹಿಡಿ,” ಎಂದು ಅಣ್ಣ ಬೈದ.

“ಹುಣ್ಣು ಇನ್ನೂ ಮಾಯ್ದಿಲ್ಲಣ್ಣ,” ಎಂದ ಬಡಗಿ.

ಉಳುವಾಗಲೇ ಅವನಿಗೆ ಕಂಡದ್ದು: ಹೆಗಲು ಕೆತ್ತಿಹೋಗುವುದು ನೇರ ಸಾಲಿನಲ್ಲಲ್ಲ, ತಿರುವಿನಲ್ಲಿ. ಒಂದು ಎತ್ತು ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ, ನೊಗ ತಿರುಚಿಕೊಂಡು ಅಂಚು ಚರ್ಮಕ್ಕೆ ನಾಟುತ್ತದೆ. ಬಡಗಿ ಹೊಸ ನೊಗ ಕಡೆದ. ಹೆಗಲು ಕೂರುವ ಕಡೆ ಅಗಲ ಮಾಡಿದ, ಅಂಚುಗಳನ್ನೆಲ್ಲ ದುಂಡಗೆ ಮಾಡಿದ. ಅದನ್ನು ಹೊತ್ತು ಅದೇ ರೈತನ ಮನೆಗೆ ಹೋದ.

“ಒಂದು ಗಿಳಿಯಾದರೂ ಬೇಡವೇನಯ್ಯಾ?” ಎಂದು ರೈತ ಮುಖ ಸಿಂಡರಿಸಿದ. ಆದರೂ ಮನೆ ಬಾಗಿಲಿಗೆ ಬಂದವನ ಮಾತು ತೆಗೆದುಹಾಕಲಾಗದೆ ಹೂಡಿದ.

ಆ ಎಡಗಡೆಯ ಎತ್ತು ನೊಗ ಕಂಡರೆ ಹಿಂದೆ ಸರಿಯುತ್ತಿತ್ತು, ಹಗ್ಗ ಹಿಡಿದು ಎಳೆಯಬೇಕಾಗುತ್ತಿತ್ತು. ಹೊಸ ನೊಗದಲ್ಲಿ ಉತ್ತಂತೆಲ್ಲ ಹುಣ್ಣು ಒಣಗುತ್ತ ಬಂತು. ಒಂದು ಬೆಳಗ್ಗೆ ರೈತ ನೊಗ ಎತ್ತಿ ಹಿಡಿದಾಗ ಆ ಎತ್ತು ತಾನೇ ನಡೆದು ಬಂದು, ತಲೆ ತಗ್ಗಿಸಿ ಹೆಗಲು ಕೊಟ್ಟಿತು. ಬದುವಿನ ಮೇಲೆ ನಿಂತಿದ್ದ ಬಡಗಿ ಗಟ್ಟಿಯಾಗಿ ಅತ್ತುಬಿಟ್ಟ. ಅವನಿಗೆ ಅಷ್ಟು ಸಂತೋಷವಾಗಿತ್ತು.

ಗುರುಗಳು ಕತೆ ಮುಗಿಸಿದರು. ಶಾಂಭವಿಗೆ ಸಮಾಧಾನವಾಗಲಿಲ್ಲ.

“ಬುದ್ಧೀ, ಅಷ್ಟೆಲ್ಲ ಸುತ್ತಿದ ಮೇಲೆ ಅವನು ಬಡಗಿಯೋ, ವೈದ್ಯನೋ, ಉಳುವವನೋ? ಅವನನ್ನು ಏನೆಂದು ಕರೆಯಬೇಕು?”

“ಎತ್ತು ಅದನ್ನು ಕೇಳಲಿಲ್ಲ, ತಾಯಿ.”