ಬಾಲಯೇಸುವಿನ ಹಾಸಿಗೆಯಲ್ಲಿ ಬೊಳ್ಳಿ ಕೋಳಿ

ಬನ್ನಿ, ಬನ್ನಿ, ಒತ್ತಿ ಕೂತುಕೊಳ್ಳಿ. ಬಾಯಲ್ಲಿ ತಿಂಡಿ ಇದ್ದವರು ಬೇಗ ನುಂಗಿ. ಈ ಕತೆಯಲ್ಲಿ ನೀವೂ ಕೂಗಬೇಕು.

ಒಂದೂರಲ್ಲಿ ರೆಮ್ಮಿ ಅಂತ ಒಬ್ಬಳು ಪುಟ್ಟ ಹುಡುಗಿ. ಅವಳ ಮನೆಯ ಜಗಲಿಯಲ್ಲಿ ಕ್ರಿಸ್ಮಸ್ಸಿನ ಗೋದಲಿ. ಮಣ್ಣಿನ ಮರಿಯ ಮಾತೆ, ಮಣ್ಣಿನ ಜೋಸೆಫರು, ಮಣ್ಣಿನ ಕುರಿ, ಮಣ್ಣಿನ ದನ. ಸುತ್ತ ಹಸಿರು ಪೈರು. ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತಿ, ದಿನಾ ನೀರು ಹಾಕಿ, ರೆಮ್ಮಿಯೇ ಬೆಳೆಸಿದ ಪೈರು!

ನಡುವೆ ಹುಲ್ಲಿನ ಹಾಸಿಗೆ. ಬಾಲಯೇಸು ಇದ್ದದ್ದು ಹೆಬ್ಬೆರಳಷ್ಟು. ಅಜ್ಜಿ ಹಾಸಿದ ಹುಲ್ಲು ಮಾತ್ರ ಇಷ್ಟಗಲ. ಅಜ್ಜಿಯ ಕೈ ಧಾರಾಳ.

ಹಾಸಿಗೆ ಇನ್ನೂ ಖಾಲಿ. ಹಬ್ಬದ ಹಿಂದಿನ ಸಂಜೆ ಇಗರ್ಜಿಯ ಗಂಟೆ ಹೊಡೆದಾಗಲೇ ಬಾಲಯೇಸುವನ್ನು ಮಲಗಿಸುವುದು. ಮಲಗಿಸುವವರು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು. ಚಿಕ್ಕವರು ಯಾರು? ರೆಮ್ಮಿ!

ಸಂಜೆಯಾಯಿತು. ರೆಮ್ಮಿ ಹೊಸ ಲಂಗ ಹಾಕಿದಳು. ಲಂಗದ ಮಡಿಲಲ್ಲಿ ಬಾಲಯೇಸುವನ್ನು ಇಟ್ಟುಕೊಂಡಳು. ಟಪಟಪ ಟಪಟಪ ಬಂದಳು. ನೋಡುತ್ತಾಳೆ, ಹಾಸಿಗೆಯಲ್ಲಿ ಯಾರು?

ಬೊಳ್ಳಿ ಕೋಳಿ! ರೆಕ್ಕೆ ಹರಡಿ ಕೂತಿದ್ದಾಳೆ, ಮಹಾರಾಣಿ!

"ಬೊಳ್ಳೀ, ಏಳು! ಅದು ಬಾಲಯೇಸುವಿನ ಹಾಸಿಗೆ!"

"ಕೊಕ್ಕೊಕ್ಕೋ! ನನ್ನ ಬುಟ್ಟಿ ಕಾಣುದಿಲ್ಲ. ಇಲ್ಲಿ ಹುಲ್ಲು ಉಂಟು, ಯಾರೂ ಇಲ್ಲ. ನನಗೇ ಹಾಸಿದ್ದು ಅಂದುಕೊಂಡೆ. ಬುಟ್ಟಿ ತಾ, ಏಳ್ತೇನೆ."

ರೆಮ್ಮಿ ಅಜ್ಜಿಯ ಹತ್ತಿರ ಓಡಿದಳು.

"ಅಜ್ಜೀ, ಬೊಳ್ಳಿಯನ್ನು ಓಡಿಸಲಾ?"

"ಬೇಡ ಮಗಾ. ಆವತ್ತು ಯೇಸು ಹುಟ್ಟುವ ರಾತ್ರಿ ಮರಿಯ ಮಾತೆಗೆ ಜಾಗ ಇಲ್ಲ ಅಂತ ಎಲ್ಲ ಬಾಗಿಲು ಹಾಕಿದ್ರು. ಇವತ್ತು ನಾವು ಯಾರನ್ನೂ ಓಡಿಸ್ಲಿಕ್ಕಿಲ್ಲ. ಜಾಗ ಕೊಟ್ಟೇ ಎಬ್ಬಿಸ್ಬೇಕು."

"ಹಾಗಾದ್ರೆ ಬುಟ್ಟಿ ಕೊಡಿ!"

"ಬುಟ್ಟಿ ತೊಳೆದು ನೆವ್ರಿ ತುಂಬಿಸಿದ್ದೇನೆ. ಕಾಯಿ, ಎಳ್ಳು, ಬೆಲ್ಲ ತುಂಬಿದ ನೆವ್ರಿ! ನೆಲಕ್ಕೆ ಸುರಿಯಲಾ? ನಮ್ಮ ಹರಿವಾಣ ಐಸಮ್ಮನ ಮನೇಲಿ ಉಂಟು. ತಾ, ಬುಟ್ಟಿ ಕೊಡ್ತೇನೆ."

ಟಪಟಪ ಟಪಟಪ ಓಡಿದಳು ರೆಮ್ಮಿ. ಪಕ್ಕದ ಮನೆ ಐಸಮ್ಮನ ಬಾಗಿಲಲ್ಲಿ ನಿಂತಳು.

"ಐಸಮ್ಮಕ್ಕಾ, ಹರಿವಾಣ ಕೊಡಿ!
ಬುಟ್ಟಿಯಲ್ಲಿ ನೆವ್ರಿ,
ಹುಲ್ಲಲ್ಲಿ ಕೋಳಿ,
ನನ್ನ ಬಾಲಯೇಸುವಿಗೆ ಜಾಗ ಎಲ್ಲಿ?"

"ಅಯ್ಯೋ ಮೋಳೆ, ನನ್ನ ಮಗಳೇ! ಹರಿವಾಣದಲ್ಲಿ ತೊಳೆದ ಅಕ್ಕಿ ಹರಡಿದ್ದೇನೆ. ಅಕ್ಕಿ ಗೇರುವ ನಮ್ಮ ಗೆರಸೆ ದೂಮಪ್ಪಣ್ಣನ ಹತ್ರ ಉಂಟು. ತಾ, ಹರಿವಾಣ ಕೊಡ್ತೇನೆ."

ಟಪಟಪ ಟಪಟಪ ಓಡಿದಳು ರೆಮ್ಮಿ. ಮಲ್ಲಿಗೆ ಕಟ್ಟುವ ದೂಮಪ್ಪಣ್ಣನ ಅಂಗಳಕ್ಕೆ ಬಂದಳು.

"ದೂಮಪ್ಪಣ್ಣಾ, ಗೆರಸೆ ಕೊಡಿ!
ಹರಿವಾಣದಲ್ಲಿ ಅಕ್ಕಿ,
ಬುಟ್ಟಿಯಲ್ಲಿ ನೆವ್ರಿ,
ಹುಲ್ಲಲ್ಲಿ ಕೋಳಿ,
ನನ್ನ ಬಾಲಯೇಸುವಿಗೆ ಜಾಗ ಎಲ್ಲಿ?"

"ಎಂತ ಮಾಡುದು ಮಾರಾಯ್ತಿ! ಗೆರಸೆಯಲ್ಲಿ ಇಗರ್ಜಿಯ ಹೂವು ಉಂಟು. ನಾನು ಯಾವಾಗ್ಲೂ ಹೂವು ಹಾಕುದು ಚಾಪೆಯ ಮೇಲೆ. ಆದ್ರೆ ಚಾಪೆಯಲ್ಲಿ ನೋಡು ಯಾರು!"

ಚಾಪೆಯಲ್ಲಿ ಒಂದು ಆಡಿನ ಮರಿ. ನಿನ್ನೆ ಹುಟ್ಟಿದ್ದು. ಮುದುಡಿ ಮಲಗಿತ್ತು. ಪಕ್ಕದಲ್ಲಿ ತಾಯಿ ಆಡು.

ರೆಮ್ಮಿ ಮೆಲ್ಲಗೆ ಕೇಳಿದಳು.

"ಆಡಮ್ಮಾ, ಚಾಪೆ ಕೊಡು.
ಗೆರಸೆಯಲ್ಲಿ ಹೂವು,
ಹರಿವಾಣದಲ್ಲಿ ಅಕ್ಕಿ,
ಬುಟ್ಟಿಯಲ್ಲಿ ನೆವ್ರಿ,
ಹುಲ್ಲಲ್ಲಿ ಕೋಳಿ,
ನನ್ನ ಬಾಲಯೇಸುವಿಗೆ ಜಾಗ ಎಲ್ಲಿ?"

"ಮ್ಯಾಂ! ನೆಲ ತಣ್ಣಗೆ ಉಂಟು. ನನ್ನ ಮರಿಗೆ ಜಾಗ ಎಲ್ಲಿ?"

ರೆಮ್ಮಿಗೆ ಅಳು ಬಂತು. ಇನ್ನು ಯಾರ ಮನೆಗೆ ಹೋಗುವುದು? ಗಂಟೆ ಹೊಡೆದರೆ? ಬಾಲಯೇಸು ಎಲ್ಲಿ ಮಲಗಬೇಕು?

ಕಣ್ಣು ಒರೆಸಿಕೊಂಡು ಕೆಳಗೆ ನೋಡಿದಳು. ಮಡಿಲು ಕಾಣಿಸಿತು. ಒಂದು ಮೂಲೆಯಲ್ಲಿ ಹೆಬ್ಬೆರಳಷ್ಟು ಬಾಲಯೇಸು. ಉಳಿದದ್ದೆಲ್ಲ ಖಾಲಿ!

"ಆಡಮ್ಮಾ, ಜಾಗ ಸಿಕ್ಕಿತು! ನನ್ನ ಮಡಿಲಲ್ಲಿ ಜಾಗ ಉಂಟು!"

ಹೊಸ ಲಂಗ? ಕೊಳೆಯಾದರೆ ಆಗಲಿ! ರೆಮ್ಮಿ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಇಬ್ಬರಿಗೂ ಜಾಗವಾಯಿತು.

ಆಗ ನೋಡಿ ಗಮ್ಮತ್ತು!

ಮಡಿಲಲ್ಲಿ ಮರಿ. ಚಾಪೆ ಖಾಲಿ! ದೂಮಪ್ಪಣ್ಣ ಸುರ್ರಂತ ಹೂವು ಸುರಿದ. ಗೆರಸೆ ತಲೆಯ ಮೇಲಿಟ್ಟು ಐಸಮ್ಮನ ಮನೆಗೆ ಓಡಿದ.

ಮಡಿಲಲ್ಲಿ ಮರಿ, ಚಾಪೆಯಲ್ಲಿ ಹೂವು. ಗೆರಸೆ ಖಾಲಿ! ಐಸಮ್ಮ ಸರ್ರಂತ ಅಕ್ಕಿ ಸುರಿದಳು. ಹರಿವಾಣ ಹಿಡಿದು ಓಡಿದಳು.

ಢಣ್! ಇಗರ್ಜಿಯ ಗಂಟೆ!

"ಓಡಿ, ಓಡಿ!" ಮುಂದೆ ರೆಮ್ಮಿ, ಹಿಂದೆ ಐಸಮ್ಮ, ಅವಳ ಹಿಂದೆ ದೂಮಪ್ಪಣ್ಣ, ಎಲ್ಲರ ಹಿಂದೆ ಮ್ಯಾಂ ಮ್ಯಾಂ ಆಡು!

ಮಡಿಲಲ್ಲಿ ಮರಿ, ಚಾಪೆಯಲ್ಲಿ ಹೂವು, ಗೆರಸೆಯಲ್ಲಿ ಅಕ್ಕಿ. ಹರಿವಾಣ ಖಾಲಿ! ಅಜ್ಜಿ ದಡದಡ ನೆವ್ರಿ ಸುರಿದಳು. ಒಂದು ಉರುಳಿತು. ದೂಮಪ್ಪಣ್ಣ ಹೆಕ್ಕಿ ಗುಳುಂ ಮಾಡಿದ.

ಢಣ್! ಢಣ್!

ಮಡಿಲಲ್ಲಿ ಮರಿ, ಚಾಪೆಯಲ್ಲಿ ಹೂವು, ಗೆರಸೆಯಲ್ಲಿ ಅಕ್ಕಿ, ಹರಿವಾಣದಲ್ಲಿ ನೆವ್ರಿ. ಬುಟ್ಟಿ ಖಾಲಿ! ಬೊಳ್ಳಿ ಕೊಕ್ಕೊಕ್ಕೋ ಅಂತ ಹಾರಿ ಬುಟ್ಟಿಯಲ್ಲಿ ಕೂತಳು.

ಮಡಿಲಲ್ಲಿ ಮರಿ, ಚಾಪೆಯಲ್ಲಿ ಹೂವು, ಗೆರಸೆಯಲ್ಲಿ ಅಕ್ಕಿ, ಹರಿವಾಣದಲ್ಲಿ ನೆವ್ರಿ, ಬುಟ್ಟಿಯಲ್ಲಿ ಕೋಳಿ. ಹುಲ್ಲಿನ ಹಾಸಿಗೆ?

ಖಾಲಿ! ಖಾಲಿ! ಖಾಲಿ!

ಕರಕರ ಕರಕರ. ಅದೇನು ಸದ್ದು? ಆಡಮ್ಮ ಗೋದಲಿಯ ಪೈರು ಮೇಯುತ್ತಿದ್ದಳು!

"ಅಯ್ಯೋ, ನನ್ನ ಪೈರು!" ಅಂದಳು ರೆಮ್ಮಿ. ಅಜ್ಜಿಯ ಮುಖ ನೋಡಿದಳು. ಮಡಿಲಿನ ಮರಿಯನ್ನು ನೋಡಿದಳು. "ಇರಲಿ, ತಿನ್ನಲಿ. ಅವಳಿಗೂ ಹಬ್ಬ."

ಮರಿಯನ್ನು ಅಜ್ಜಿಯ ಮಡಿಲಿಗೆ ಕೊಟ್ಟಳು. ಮೊಣಕಾಲೂರಿದಳು. ಬಾಲಯೇಸುವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಲಗಿಸಿದಳು. ಬೆರಳು ಹುಲ್ಲಿಗೆ ತಾಗಿತು.

"ಅಜ್ಜೀ! ಹುಲ್ಲು ಬೆಚ್ಚಗೆ ಉಂಟು!"

ಹೌದು. ಡಿಸೆಂಬರಿನ ಚಳಿಯಲ್ಲಿ ಹಾಸಿಗೆ ಬೆಚ್ಚಗಿತ್ತು. ಅಷ್ಟು ಹೊತ್ತು ಕೂತು ಬೊಳ್ಳಿ ಬಿಸಿ ಮಾಡಿಟ್ಟಿದ್ದಳು. ರೆಮ್ಮಿಗೆ ಎಷ್ಟು ಖುಷಿಯಾಯಿತೆಂದರೆ, ಬೊಳ್ಳಿಯ ತಲೆಗೆ ಒಂದು ಮುತ್ತು ಕೊಟ್ಟಳು. ಬೊಳ್ಳಿ ಕುಕ್ಕಲಿಲ್ಲ.

ಹರಿವಾಣದ ನೆವ್ರಿ ಮುಗಿಯಿತು, ನನ್ನ ಕತೆಯೂ ಮುಗಿಯಿತು. ಈಗ ಎಲ್ಲರೂ ಸ್ವಲ್ಪ ಸರಿದು ಕೂತುಕೊಳ್ಳಿ. ಬಾಗಿಲಲ್ಲಿ ಇನ್ನೂ ಯಾರೋ ಬಂದು ನಿಂತಿದ್ದಾರೆ.